ಮನೆಪ್ರಾರ್ಥನೆಗೆ 15 ನಿಮಿಷದ ಪ್ರಸಂಗ: ಕಷ್ಟ ತಾಳೋದು, ಮುಂದಿನವರಿಗೆ ಬಿಟ್ಟುಹೋಗೋದು

ಪ್ರಶ್ನೆ, ಹಾವೇರಿಯಿಂದ
ಎಲ್ಲರಿಗೂ ಸ್ತೋತ್ರ. ಬರೋ ರವಿವಾರ ಸಂಜೆ ಮನೆಪ್ರಾರ್ಥನೆ ಐತಿ, ಪ್ರಸಂಗ ನನ್ನ ಪಾಲಿಗೆ. ಬರೋರು ಬಹಳಷ್ಟು ಮೆಣಸಿನಕಾಯಿ ಬೆಳೆಗಾರರು. ಮಳಿ ಕೈಕೊಟ್ಟೈತಿ, ಮ್ಯಾಲೆ ಆ ಮನಿ ಹಿರಿಯರು ತೀರಿ ತಿಂಗಳಾಗಿಲ್ಲ. ರೋಮಾಪುರದವರಿಗೆ 5, ಯೋಬ, ಇಬ್ರಿಯರಿಗೆ 11, 23ನೇ ಕೀರ್ತನೆ ಇಷ್ಟೂ ಬರಕೊಂಡೀನಿ, ಒಂದಕ್ಕೊಂದು ಕೂಡವಲ್ಲವು. ಯಾವುದು ಬಿಡ್ಲಿ?

ಧಾರವಾಡದಿಂದ
ನಾಲ್ಕೂ ಬಿಡ್ರಿ. 2 ತಿಮೊಥೆಯ 4ನೇ ಅಧ್ಯಾಯ, 6ರಿಂದ 21ನೇ ವಚನ, ಅಷ್ಟ ಸಾಕು. ಪೌಲ ಸೆರಿಮನ್ಯಾಗ ಕುಂತು ತಿಮೊಥೆಯನಿಗೆ ಬರದ ಪತ್ರ ಅದು. ಎಲ್ಲರೂ ಎಡವೋದು ಎಲ್ಲಿ ಅಂದ್ರ, ಓಟ ಮುಗೀತು, ಕಿರೀಟ ಕಾದೈತಿ ಅಂತ 8ನೇ ವಚನಕ್ಕ ನಿಲ್ಲಿಸಿಬಿಡ್ತಾರ. ಆಗ ಪೌಲ ಗೋಡಿಗೆ ತೂಗುಹಾಕಿದ ಪಟ ಆಗ್ತಾನ. ಮುಂದ ಓದ್ರಿ. ದೇಮ ಬಿಟ್ಟುಹೋಗ್ಯಾನ, ಮೊದಲ ವಿಚಾರಣೆಗೆ ಒಬ್ಬರೂ ಜೊತಿಗೆ ನಿಂತಿಲ್ಲ, ಲೂಕ ಒಬ್ಬನ ಉಳದಾನ. ತ್ರೋವದಾಗ ಕರ್ಪನ ಹತ್ರ ಬಿಟ್ಟ ಮೇಲಂಗಿ ತಗೊಂಡು ಬಾ, ಚಳಿಗಾಲಕ್ಕ ಮೊದಲ ಬಾ ಅಂತಾನ. ತ್ರೊಫಿಮನ್ನ ಜಡ್ಡಿನಾಗ ಮಿಲೇತದಾಗ ಬಿಟ್ಟು ಬಂದೀನಿ ಅಂತಾನ. ವಾಸಿಯಾಗದ ಜಡ್ಡು ನೋಡಿದ ಮನಿಯವರಿಗೆ ಈ ಸಾಲು ಬೇಕು, ಹಾರಿಸಬ್ಯಾಡ್ರಿ.

ಓದಲಿಕ್ಕೆ 3 ನಿಮಿಷ, ಚಳಿ-ಮೇಲಂಗಿಗೆ 6, ಉಳದದ್ದು ಅದ ಪತ್ರದ 2ನೇ ಅಧ್ಯಾಯದ 2ನೇ ವಚನಕ್ಕ. ನನ್ನಿಂದ ಕೇಳಿದ್ದನ್ನ ನಂಬಿಗಸ್ತರಿಗೆ ಒಪ್ಪಿಸು, ಅವರು ಬ್ಯಾರೆಯವರಿಗೆ ಕಲಿಸ್ಲಿ ಅಂತಾನ. ಅಲ್ಲಿ ನಾಲ್ಕು ತಲಿಮಾರು ಎಣಿಸಬಹುದು: ಪೌಲ, ತಿಮೊಥೆಯ, ನಂಬಿಗಸ್ತರು, ಅವರ ಕಡಿಂದ ಕಲಿಯೋರು. ಸೆರಿಮನ್ಯಾಗಿನ ಮನಷ್ಯಾ ಬಿಟ್ಟುಹೋದ ಆಸ್ತಿ ಅದು.

ಬೆಟಗೇರಿಯಿಂದ
ಅಣ್ಣಾರು ಹೇಳಿದ್ದು ಖರೆ. ಸಾವಾದ ಮನ್ಯಾಗ ರೋಮಾ 5 ತಗದು ಉಪದ್ರವದಾಗ ಉಲ್ಲಾಸಪಡ್ರಿ ಅಂದ್ರ ಗಾಯದ ಮ್ಯಾಲೆ ಬರೆ ಎಳದಂಗ. ಅಲ್ಲಿ 'ತಾಳ್ಮೆ' ಅಂತಿರೋ ಗ್ರೀಕ್ ಮಾತು ಹುಪೊಮೊನೆ: ಹೊರಿ ಕೆಳಗ ನಿಂತ ಇರೋದು. ನಗೋದಲ್ಲ. ಯೋಬನ ಗೆಳೆಯರು ಏಳು ದಿನ ಸುಮ್ಮನ ಕುಂತಾಗ ಚಲೋ ಇದ್ರು, ಬಾಯಿ ಬಿಟ್ಟ ಮ್ಯಾಲೆ ಕೆಟ್ರು. ಪ್ರಾರ್ಥನೆಗೆ 88ನೇ ಕೀರ್ತನೆ ಓದ್ರಿ. ಅದು ಕತ್ತಲಾಗ ಮುಗೀತೈತಿ, ನೀವು ಬಾಲಂಗೋಚಿ ಕಟ್ಟಿ ಬೆಳಕು ಮಾಡಬ್ಯಾಡ್ರಿ.

ನಮ್ಮ ಕಡಿ ಉದಾಹರಣೆ ಬೇಕಂದ್ರ ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದ ಜರ್ಮನ್ ಮಿಷನರಿ ಕಿಟ್ಟೆಲ್. 1853ಕ್ಕ ಬಂದ್ರು, ನಿಘಂಟು ಅಚ್ಚಾದದ್ದು 1894ಕ್ಕ, ಸುಮಾರು 70,000 ಪದ. ಎರಡು ನಿಮಿಷ ಮೀರಿದ್ರ ಪ್ರಸಂಗ ಹೋಗಿ ಇತಿಹಾಸದ ಪಾಠ ಆಗ್ತೈತಿ.

ಹುಬ್ಬಳ್ಳಿಯಿಂದ
ಪ್ರಾರ್ಥನೆ ಮುಗದ ಮ್ಯಾಲೆ ಮನಿಯವರಿಗೆ ಒಂದು ಕೆಲಸ ಕೊಡ್ರಿ. ಮನಿ ಸತ್ಯವೇದದ ಖಾಲಿ ಹಾಳ್ಯಾಗ ಹಿರಿಯರ ದೀಕ್ಷಾಸ್ನಾನ, ಮದುವಿ, ಮರಣದ ತಾರೀಖು, ಅವರು ಮತ್ತ ಮತ್ತ ಓದತಿದ್ದ ಒಂದು ವಚನ ಬರೀಲಿ. ಹಾಳಿ ತೆಳು, ಜೆಲ್ ಪೆನ್ನಿನ ಮಸಿ ಹಿಂದಕ ಇಳೀತೈತಿ. ಬಾಲ್ ಪೆನ್ ಚಲೋ, ಅಡಿಗೆ ರಟ್ಟು ಇರಲಿ. ತಾರೀಖು ಬಾಯಿಮಾತಿನ ಮ್ಯಾಲೆ ಬ್ಯಾಡ, ಚರ್ಚಿನ ರಿಜಿಸ್ಟರ್ ನೋಡ್ಲಿ. ಅಜ್ಜಿ ಇದ್ರ ಫೋನಿನಾಗ ಹತ್ತು ನಿಮಿಷ ರೆಕಾರ್ಡ್ ಮಾಡ್ಲಿ. "ಸಾಕ್ಷಿ ಹೇಳ್ರಿ" ಅಂದ್ರ ಬಾಯಿಪಾಠ ಬರ್ತೈತಿ. "ಬರಗಾಲದಾಗ ಒಲಿ ಮ್ಯಾಲೆ ಏನಿತ್ತು?" ಅಂತ ಕೇಳಬೇಕು.

ಹಾವೇರಿಯಿಂದ
ಉಪಕಾರ ಆತ್ರಿ. ಮೇಲಂಗಿ ಅಂದ್ರ ಮಂದಿಗೆ ಕೋಟು ಅನಸ್ತೈತಿ, ಕಂಬಳಿ ಅನ್ನಲೇನ್ರಿ?

ಧಾರವಾಡದಿಂದ
ವಿವರಿಸುವಾಗ ಅನ್ರಿ, ಓದುವಾಗ ಇದ್ದದ್ದನ್ನ ಓದ್ರಿ. ಅದು ತೋಳಿಲ್ಲದ ದಪ್ಪ ಹೊದಿಕಿ, ನಡುವ ತಲಿ ತೂರಸಾಕ ತೂತು. ಮಳ್ಯಾಗ ಹಾಕ್ಕೊಳ್ಳೋ ಕಂಬಳಿ ಕೊಪ್ಪಿಗೆ ಹತ್ರನ ಆತು.