ಶ್ರೀರಂಗಪಟ್ಟಣದ ಸುತ್ತ ನಾಲೆಯ ಬದಿಯಲ್ಲಿ ಮೂರು ದಿನದ ಸೈಕಲ್ ಪ್ರವಾಸ: ಯಾವ ದಾರಿ ಹಿಡಿಯಬೇಕು?

ನಿಧಾನ ಸವಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನಗೆ 61 ವರ್ಷ, ನನ್ನ ಪತ್ನಿಗೆ 57. ನಿವೃತ್ತಿಯಾದ ಮೇಲೆ ಇಬ್ಬರೂ ಗೇರಿನ ಸೈಕಲ್ಲುಗಳನ್ನು ಕೊಂಡೆವು. ಆದರೆ ಬೆಂಗಳೂರಿನಲ್ಲಿ ಬೆಳಿಗ್ಗೆ ಐದಕ್ಕೆ ಹೊರಟು, ಶಾಲೆಯ ವ್ಯಾನುಗಳು ಬೀದಿಗೆ ಇಳಿಯುವ ಮೊದಲೇ ಮನೆ ಸೇರಿಕೊಳ್ಳುವುದನ್ನು ಪ್ರವಾಸ ಎಂದು ಕರೆಯಲು ಮನಸ್ಸು ಬರುವುದಿಲ್ಲ. ಕಳೆದ ತಿಂಗಳು ಧೈರ್ಯ ಮಾಡಿ ಮೈಸೂರು ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ರಾಮನಗರದ ಕಡೆಗೆ ಹೊರಟಿದ್ದೆವು. 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲದ ಕಾರಣ ಅವೆಲ್ಲವೂ ಸರ್ವಿಸ್ ರಸ್ತೆಯಲ್ಲಿಯೇ ಓಡುತ್ತವೆ ಎಂಬುದು ಗೊತ್ತಿತ್ತು. ಅವುಗಳಲ್ಲಿ ಅರ್ಧದಷ್ಟು ಎದುರಿನಿಂದ ಬರುತ್ತವೆ ಎಂಬುದು ಗೊತ್ತಿರಲಿಲ್ಲ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು, ಸೈಕಲ್ಲುಗಳನ್ನು ಟೆಂಪೋಗೆ ಹಾಕಿಸಿಕೊಂಡು ಹಿಂದಿರುಗಿದೆವು.

ಈಗ ನಮ್ಮ ಆಸೆ ಸಣ್ಣದು. ಮೂರು ದಿನ, ದಿನಕ್ಕೆ ಹೆಚ್ಚೆಂದರೆ 35–40 ಕಿ.ಮೀ., ಘಾಟಿ ಬೇಡ, ಗದ್ದೆ, ತೋಟ, ಹಳ್ಳಿಗಳ ನಡುವಿನ ಸಮತಟ್ಟಾದ ದಾರಿ ಸಾಕು. ಬಸ್ಸಿನ ಹಾರನ್ ಕೇಳಿಸಿದರೂ ಅದು ದೂರದಲ್ಲಿ ಕೇಳಿಸಬೇಕು ಎಂಬುದು ನನ್ನ ಪತ್ನಿಯ ಷರತ್ತು. ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಯ (ವಿ.ಸಿ. ನಾಲೆ) ಏರಿಯ ಮೇಲೆ ಹೋದರೆ ದಿನವಿಡೀ ಒಂದು ಏರೂ ಸಿಗುವುದಿಲ್ಲ ಎಂದು ಗೆಳೆಯರೊಬ್ಬರು ಹೇಳಿದರು. ಇದು ನಿಜವೇ? ಯಾವ ಕಾಲದಲ್ಲಿ ಹೊರಡುವುದು ಒಳ್ಳೆಯದು? ಸೈಕಲ್ಲುಗಳನ್ನು ಅಲ್ಲಿಯವರೆಗೆ ಒಯ್ಯುವುದು ಹೇಗೆ? ಆ ಕಡೆಯ ದಾರಿಗಳನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಅಚ್ಚುಕಟ್ಟು

ಸರ್, ನಾನು ಪಾಂಡವಪುರದ ಕಡೆಯವನು. ಹೈಸ್ಕೂಲಿಗೆ ಮೂರು ವರ್ಷ ನಾಲೆಯ ಏರಿಯ ಮೇಲೆಯೇ ಸೈಕಲ್ ತುಳಿದವನು. ತಮ್ಮ ಗೆಳೆಯರು ಹೇಳಿದ್ದು ಅರ್ಧ ಸರಿ. ನಾಲೆಯಲ್ಲಿ ನೀರು ತಾನಾಗಿಯೇ ಹರಿಯಬೇಕಾದ್ದರಿಂದ ಅದನ್ನು ಕಿಲೋಮೀಟರಿಗೆ ಒಂದು ಗೇಣು, ಹೆಚ್ಚೆಂದರೆ ಎರಡು ಗೇಣು ತಗ್ಗುವಂತೆ ಅಗೆದಿರುತ್ತಾರೆ. ಗುಡ್ಡ ಅಡ್ಡ ಬಂದರೆ ನಾಲೆ ಅದನ್ನು ಹತ್ತುವಂತಿಲ್ಲ, ಬಳಸಿಕೊಂಡೇ ಹೋಗಬೇಕು. ಆದ್ದರಿಂದ ಏರಿಯ ದಾರಿಯಲ್ಲಿ ಏರು ಇಲ್ಲದಿದ್ದರೂ ಸುತ್ತು ಇದ್ದೇ ಇರುತ್ತದೆ. ಗದ್ದೆಯ ಬದುವಿನ ಮೇಲೆ ನಡೆದರೆ ಅರ್ಧ ಗಂಟೆಯಲ್ಲಿ ಸಿಗುವ ಊರಿಗೆ ನಾಲೆಯ ಮೇಲೆ ಸೈಕಲ್ಲಿನಲ್ಲಿಯೂ ಅಷ್ಟೇ ಹೊತ್ತು ಹಿಡಿದದ್ದುಂಟು. ಬಳಸಲೂ ಆಗದ ಕಡೆ ಸುರಂಗ ಕೊರೆದಿದ್ದಾರೆ. ಹುಲಿಕೆರೆಯಲ್ಲಿ ವಿ.ಸಿ. ನಾಲೆ 2.5 ಕಿ.ಮೀ.ಗಿಂತಲೂ ಹೆಚ್ಚು ದೂರ ನೆಲದಡಿಯಲ್ಲಿ ಹರಿಯುತ್ತದೆ. ನೀರಿಗೆ ಸಿಕ್ಕ ಆ ಸೌಲಭ್ಯ ನಮಗಿಲ್ಲ, ನಾವು ಮೇಲಿನಿಂದಲೇ ಹತ್ತಿ ಇಳಿಯಬೇಕು.

ಆದರೂ ತಮ್ಮ ಸ್ಥಾನದಲ್ಲಿ ನಾನಿದ್ದರೆ ವಿ.ಸಿ. ನಾಲೆಯನ್ನು ಆರಿಸಿಕೊಳ್ಳುತ್ತಿರಲಿಲ್ಲ. ಅದು ಕನ್ನಂಬಾಡಿ ಕಟ್ಟೆಯ ಕಾಲದ್ದು, ಅಗಲವೂ ಹೆಚ್ಚು, ಓಟವೂ ಹೆಚ್ಚು. ಅದಕ್ಕಿಂತ ಎರಡು ಶತಮಾನಕ್ಕೂ ಹಿಂದೆ ತೋಡಿದ ನಾಲೆಗಳು ನದಿಯ ಹತ್ತಿರದಲ್ಲಿಯೇ ಇವೆ: ಚಿಕ್ಕದೇವರಾಜ ಒಡೆಯರ (1673–1704) ಕಾಲದ ಚಿಕ್ಕದೇವರಾಯಸಾಗರ ನಾಲೆ ಮತ್ತು ಅದಕ್ಕೂ ಹಿಂದಿನ ಬಂಗಾರದೊಡ್ಡಿ ನಾಲೆ. ಬಂಗಾರದೊಡ್ಡಿ ನಾಲೆಯಂತೂ ಕಾವೇರಿಯ ಒಂದು ಕವಲನ್ನು ಮೇಲ್ಗಾಲುವೆಯಲ್ಲಿ ದಾಟಿ ಶ್ರೀರಂಗಪಟ್ಟಣದ ದ್ವೀಪಕ್ಕೆ ಬರುತ್ತದೆ. ನದಿಯ ಮೇಲೆ ಇನ್ನೊಂದು ನೀರು ಅಡ್ಡಲಾಗಿ ಹೋಗುವುದನ್ನು ನೋಡುವುದಕ್ಕಾಗಿಯೇ ಅಲ್ಲಿ ಸೈಕಲ್ ನಿಲ್ಲಿಸಬಹುದು.

ಮೊದಲ ದಿನ ಶ್ರೀರಂಗಪಟ್ಟಣದಲ್ಲಿಯೇ ಇದ್ದು ಗಂಜಾಂ, ನಿಮಿಷಾಂಬ, ಸಂಗಮ, ಕರಿಘಟ್ಟದ ಬುಡ ಎಂದು ಸುಮ್ಮನೆ ಸುತ್ತಿರಿ; ಕೈಕಾಲು ಹದಕ್ಕೆ ಬರುತ್ತವೆ. ಎರಡನೆಯ ದಿನ ಮಹದೇವಪುರ, ಅರಕೆರೆಗಳ ಮೇಲೆ ಬನ್ನೂರಿಗೆ ಹೋಗಿ, ಮೈಯಲ್ಲಿ ಶಕ್ತಿ ಉಳಿದಿದ್ದರೆ ಸೋಮನಾಥಪುರದವರೆಗೂ ತುಳಿಯಿರಿ. ಮೂರನೆಯ ದಿನ ಸೋಸಲೆಯ ಕಡೆಯಿಂದ ಮುಡುಕುತೊರೆ ದಾಟಿ ತಲಕಾಡು. ಕಾವೇರಿಯ ಎಡದಂಡೆಯನ್ನು ಹೆಚ್ಚುಕಡಿಮೆ ಬಿಡದೆ ಹಿಡಿದುಕೊಂಡು ಹೋಗುವ ದಾರಿ ಇದು. ನದಿಯ ಜೊತೆ ಕೆಳಕ್ಕೆ ಹೋಗುವುದರಿಂದ ಹತ್ತುವ ಕೆಲಸ ಕಡಿಮೆ. ಅರಕೆರೆ–ಬನ್ನೂರು ಮುಖ್ಯ ರಸ್ತೆಯಲ್ಲಿ ಬಸ್ಸುಗಳಿವೆ. ಅದಕ್ಕೆ ಸಮನಾಗಿ ಊರಿಂದೂರಿಗೆ ಹೋಗುವ ಕಿರುದಾರಿಗಳನ್ನು ಕೇಳಿಕೊಂಡು ಹೋಗಬೇಕು. ಫೋನಿನ ನಕ್ಷೆಗಿಂತ ತೂಬಿನ ಹತ್ತಿರ ಸಿಗುವ ಸೌಡಿಯನ್ನು ಕೇಳುವುದು ಮೇಲು. ನೀರು ಬಿಡುವುದೇ ಅವರ ಕೆಲಸವಾದ್ದರಿಂದ ಯಾವ ಏರಿ ಎಲ್ಲಿ ಕುಸಿದಿದೆ ಎಂಬುದು ಅವರಿಗೆ ಆ ದಿನದ ಮಟ್ಟಿಗೆ ಗೊತ್ತಿರುತ್ತದೆ.

ಮೇಲುಕೋಟೆಗೆ ಹೋಗುವ ಆಸೆಯಾಗುತ್ತದೆ, ಎಲ್ಲರಿಗೂ ಆಗುತ್ತದೆ. ತೊಣ್ಣೂರು ಕೆರೆಯವರೆಗೆ ಹೋಗಿ, ನೀರಿನ ಅಂಚಿನಲ್ಲಿ ಕುಳಿತು ಹಿಂದಿರುಗಿ. ಮುಂದಿನದು ಬೆಟ್ಟ.

ಕೆಂಪು ರಿಫ್ಲೆಕ್ಟರ್

ಮೇಲಿನವರು ಗೌರವದಿಂದ ಮುಟ್ಟಿ ಬಿಟ್ಟ ವಿಷಯವನ್ನು ನಾನು ಬಿಡಿಸಿ ಹೇಳುತ್ತೇನೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಮಂದಿ ಸತ್ತರು. ಅದರ ನಂತರ ಕೆಲವು ಕಡೆ ತಡೆಗೋಡೆ ಬಂದಿದೆ. ಇಲ್ಲದ ಕಡೆಗಳೂ ಉಳಿದಿವೆ. ನಾಲೆಯ ಒಳಮೈಗೆ ಕಾಂಕ್ರೀಟು ಹಾಕಿರುವಲ್ಲಿ ಅದು ಪಾಚಿಗಟ್ಟಿ ಜಾರುತ್ತದೆ, ಈಜು ಬಲ್ಲವನೂ ಹಿಡಿತ ಸಿಗದೆ ಮೇಲೆ ಬರಲಾರ. ಆದ್ದರಿಂದ ನೀರು ಬಿಟ್ಟಿರುವಾಗ ದೊಡ್ಡ ನಾಲೆಯ ಏರಿಯ ಮೇಲೆ ಹೋಗುವುದಾದರೆ ಅಕ್ಕಪಕ್ಕ ಮಾತನಾಡಿಕೊಂಡು ಹೋಗಬಾರದು, ಒಬ್ಬರ ಹಿಂದೆ ಒಬ್ಬರು ನೀರಿನಿಂದ ದೂರದ ಅಂಚಿನಲ್ಲಿಯೇ ಹೋಗಬೇಕು, ಎದುರಿಗೆ ಟ್ರ್ಯಾಕ್ಟರ್ ಬಂದರೆ ಇಳಿದು ನಿಲ್ಲಬೇಕು. ಇಳಿದು ನಿಲ್ಲುವುದರಲ್ಲಿ ಅವಮಾನವೇನಿಲ್ಲ.

ಎರಡನೆಯದು ಕಬ್ಬಿನ ಗಾಡಿಗಳು. ಕಾರ್ಖಾನೆ ಅರೆಯುವ ದಿನಗಳಲ್ಲಿ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೈಲರ್ ಕಟ್ಟಿ, ಕಬ್ಬು ಎರಡೂ ಬದಿಗೆ ಮೊಳದಷ್ಟು ಚಾಚಿಕೊಂಡಂತೆ ತುಂಬಿರುತ್ತಾರೆ. ಹಿಂದೆ ದೀಪ ಇದ್ದರೆ ಪುಣ್ಯ. ಸಂಜೆ ಐದರ ನಂತರ ರಸ್ತೆಯ ಮೇಲೆ ಇರಬೇಡಿ.

ಕಾಲದ ಬಗ್ಗೆ: ಡಿಸೆಂಬರ್ ನಡುವಿನಿಂದ ಫೆಬ್ರವರಿಯವರೆಗೆ ಹವೆ ಬಹಳ ಚೆನ್ನಾಗಿರುತ್ತದೆ. ಆದರೆ ಅದು ಒಕ್ಕಣೆಯ ಕಾಲವೂ ಹೌದು. ಕಣ ಮಾಡುವವರು ಕಡಿಮೆಯಾಗಿ ರಾಗಿ, ಹುರುಳಿಯನ್ನು ಡಾಂಬರಿನ ಮೇಲೆಯೇ ಹರಡುತ್ತಾರೆ. ರಾಗಿ ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಹುರುಳಿಯದು ಬೇರೆಯೇ ಕಥೆ: ಬಳ್ಳಿ ಚೈನಿಗೂ ಹಿಂದಿನ ಗೇರಿಗೂ ಸುತ್ತಿಕೊಂಡರೆ ಗೇರು ಎಳೆಯುವ ತೋಳೇ ಮುರಿಯಬಹುದು. ಸೈಕಲ್ಲನ್ನು ಎತ್ತಿಕೊಂಡು ದಾಟಿ.

ಟಯರ್ 38 ಮಿ.ಮೀ.ಗಿಂತ ಕಡಿಮೆ ಅಗಲದ್ದು ಬೇಡ. ಏರಿಯ ಮೇಲೆ ಜಾಲಿ ಮುಳ್ಳು ಧಾರಾಳವಾಗಿರುವುದರಿಂದ ತಲೆಗೆ ಎರಡರಂತೆ ಟ್ಯೂಬು ಇರಲಿ.

ಡಾನ್ಯೂಬ್ ದಡದವ

ನಾನು ಹತ್ತು ವರ್ಷದಿಂದ ಆಸ್ಟ್ರಿಯಾದಲ್ಲಿದ್ದೇನೆ, ಊರು ಕೆ.ಆರ್. ಪೇಟೆ. ಇಲ್ಲಿ ಜರ್ಮನಿಯ ಪಸಾವು ಊರಿನಿಂದ ವಿಯೆನ್ನಾದವರೆಗೆ ಡಾನ್ಯೂಬ್ ನದಿಯ ಜೊತೆಗೇ 300 ಕಿ.ಮೀ.ಗೂ ಹೆಚ್ಚು ದೂರದ ಸೈಕಲ್ ದಾರಿ ಇದೆ. ಎಂಬತ್ತರ ಹತ್ತಿರದ ದಂಪತಿಗಳು ಅದರಲ್ಲಿ ತೂಗುತ್ತ ಹೋಗುವುದನ್ನು ನೋಡಿದಾಗಲೆಲ್ಲ ನಮ್ಮ ನಾಲೆಯ ಏರಿ ನೆನಪಾಗುತ್ತದೆ. ಬಹುಪಾಲು ದೂರ ಆ ದಾರಿಯನ್ನು ಸೈಕಲ್ಲಿಗೆಂದು ಹೊಸದಾಗಿ ಮಾಡಿದ್ದಲ್ಲ. ಉಗಿಯ ಹಡಗು ಬರುವ ಮೊದಲು ಸರಕಿನ ದೋಣಿಗಳನ್ನು ಪ್ರವಾಹಕ್ಕೆ ಎದುರಾಗಿ ಕುದುರೆಗಳಿಂದ ಎಳೆಸುತ್ತಿದ್ದರು. ಆ ಕುದುರೆಗಳು ನಡೆದ ದಾರಿಯೇ ಮುಂದೆ ಸೈಕಲ್ ದಾರಿಯಾಯಿತು. ನಮ್ಮ ಏರಿಯಾದರೋ ನೀರಾವರಿಯವರು ನಾಲೆಯನ್ನು ನೋಡಿಕೊಳ್ಳಲು ಮಾಡಿಕೊಂಡದ್ದು. ಜೀಪು ಹೋದರೆ ಸಾಕು ಎಂಬ ಲೆಕ್ಕದಲ್ಲಿ ಇರುವುದರಿಂದ ಒಂದು ಮೈಲಿ ನುಣುಪಾಗಿದ್ದು ಮುಂದಿನ ಮೈಲಿ ಬರೀ ಕೊರಕಲಾಗಿದ್ದರೆ ಆಶ್ಚರ್ಯಪಡಬಾರದು.

ಇಲ್ಲಿಯವರಿಂದ ಕಲಿತ ಒಂದು ಅಭ್ಯಾಸವನ್ನು ಹೇಳುತ್ತೇನೆ. ಗಾಳಿಯನ್ನು ಟಯರಿನ ಮೇಲೆ ಬರೆದಿರುವ ಗರಿಷ್ಠ ಮಟ್ಟಕ್ಕೆ ತುಂಬಬೇಡಿ. ಮಣ್ಣಿನ ದಾರಿಯಲ್ಲಿ, ಅಗಲದ ಟಯರಿನಲ್ಲಿ, ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿದರೆ ತುಸು ಬಗ್ಗುವಷ್ಟಿದ್ದರೆ ಕೈ ಮತ್ತು ಸೊಂಟ ಎರಡೂ ಉಳಿಯುತ್ತವೆ. ಸೈಕಲ್ಲುಗಳನ್ನು ಬೆಂಗಳೂರಿನಲ್ಲಿ ಪಾರ್ಸೆಲ್ ಮಾಡಿಸಿ ಮೈಸೂರಿನಲ್ಲಿ ಇಳಿಸಿಕೊಂಡು, ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಲಗೇಜ್ ಆಟೋ ಹಿಡಿಯುವುದು ನನ್ನ ಅನುಭವದಲ್ಲಿ ಸುಲಭ. ಸಣ್ಣ ನಿಲ್ದಾಣಗಳಲ್ಲಿ ರೈಲು ನಿಲ್ಲುವ ಎರಡು ನಿಮಿಷದಲ್ಲಿ ಬ್ರೇಕ್ ವ್ಯಾನಿನಿಂದ ಸೈಕಲ್ ಇಳಿಸುವುದು ಯುವಕರಿಗೂ ಕಷ್ಟ.

ನಿಧಾನ ಸವಾರ

ಮೂವರಿಗೂ ಕೃತಜ್ಞತೆಗಳು. ಸಂಕ್ರಾಂತಿ ಕಳೆದ ವಾರ ಹೋಗಿ ಬಂದೆವು. ಮುಂದೆ ಹೋಗುವವರಿಗೆ ಅನುಕೂಲವಾಗಲೆಂದು ವರದಿ ಒಪ್ಪಿಸುತ್ತಿದ್ದೇನೆ.

ರೈಲು ಮತ್ತು ಲಗೇಜ್ ಆಟೋದ ಸಲಹೆ ಸರಿಯಾಗಿ ಕೆಲಸ ಮಾಡಿತು. ಮೊದಲ ದಿನ 18 ಕಿ.ಮೀ. ಆಯಿತು, ಅದರಲ್ಲಿ ಅರ್ಧ ದಿನ ಸಂಗಮದಲ್ಲಿಯೇ ಕಳೆಯಿತು. ಎರಡನೆಯ ದಿನ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ, ಮಹದೇವಪುರ ದಾಟಿದ ಮೇಲಿನ ಒಂದು ಕಿರುನಾಲೆಯ ಬದಿಯಲ್ಲಿ, ನಮಗೆ ಎದುರಾದ ವಾಹನಗಳು ಒಟ್ಟು ನಾಲ್ಕು: ಹಾಲಿನ ಕ್ಯಾನು ಕಟ್ಟಿದ ಎರಡು ಮೊಪೆಡ್ಡು, ಒಂದು ಎತ್ತಿನ ಗಾಡಿ, ಒಬ್ಬ ಹುಡುಗನ ಸೈಕಲ್ಲು. ಆ ಹುಡುಗ ಒಂದು ಮೈಲಿ ನಮ್ಮ ಜೊತೆ ಬಂದು, ಇಷ್ಟು ಗೇರುಗಳಿದ್ದೂ ಇಷ್ಟು ಮೆಲ್ಲಗೆ ಏಕೆ ಹೋಗುತ್ತೀರಿ ಎಂದು ಕೇಳಿ ಮುಂದೆ ಹೊರಟುಹೋದ. ಆಲೆಮನೆಯೊಂದರಲ್ಲಿ ಕುದಿಯುವ ಕೊಪ್ಪರಿಗೆಯ ವಾಸನೆ ಅರ್ಧ ಕಿಲೋಮೀಟರ್ ಮೊದಲೇ ಬಂದಿತ್ತು. ಬಿಸಿ ಬೆಲ್ಲವನ್ನು ಕಬ್ಬಿನ ತುಂಡಿನ ತುದಿಗೆ ಸುತ್ತಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಬನ್ನೂರಿಗೆ ಮುನ್ನ ಕುರಿಯ ಹಿಂಡು ದಾರಿಯ ತುಂಬ ನಿಂತು ಹತ್ತು ನಿಮಿಷ ಕಾಯಿಸಿತು. ಮೂರು ದಿನದಲ್ಲಿ ನಾವು ಕಂಡ ಟ್ರಾಫಿಕ್ ಜಾಮ್ ಅದೊಂದೇ.

ಆ ರಾತ್ರಿ ತಂಗಿದ ವಸತಿಗೃಹದ ವಿಷಯ ಬಿಡುತ್ತೇನೆ. ಸೈಕಲ್ಲುಗಳನ್ನು ಕೋಣೆಯೊಳಗೆ ಇಟ್ಟುಕೊಳ್ಳಲು ಬಿಟ್ಟರು ಎಂಬುದಷ್ಟೇ ಅದರ ಹೆಚ್ಚುಗಾರಿಕೆ. ಸೋಮನಾಥಪುರಕ್ಕೆ ವಾರದ ದಿನ ಬೆಳಿಗ್ಗೆಯೇ ಹೋದದ್ದು ಒಳ್ಳೆಯದಾಯಿತು. 1258ರ ಆ ದೇವಾಲಯದ ಜಗಲಿಯ ಮೇಲೆ, ಆನೆಗಳ ಸಾಲಿನ ಪಕ್ಕದಲ್ಲಿ ಅರ್ಧ ಗಂಟೆ ನಾವಿಬ್ಬರೇ ಇದ್ದೆವು. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಭಾನುವಾರಗಳಲ್ಲಿ ಕಾರು ನಿಲ್ಲಿಸಲೂ ಜಾಗ ಸಾಲದು ಎಂದು ಎಳನೀರು ಮಾರುವವರು ಹೇಳಿದರು.

ಹುರುಳಿಯ ಎಚ್ಚರಿಕೆಯನ್ನು ನಾನು ಓದಿದ್ದೆ, ಪತ್ನಿಗೆ ಹೇಳಲು ಮರೆತಿದ್ದೆ. ಮುಡುಕುತೊರೆಯ ಈಚೆ ಅವಳು ಒಣಗಿದ ಬಳ್ಳಿಯ ಮೇಲೆ ನೇರವಾಗಿ ಹೋದಳು. ಹತ್ತು ಮಾರು ಹೋಗುವಷ್ಟರಲ್ಲಿ ಹಿಂದಿನ ಗೇರು ಹಗ್ಗದ ಉಂಡೆಯಂತಾಗಿ ಚಕ್ರ ನಿಂತೇಹೋಯಿತು. ನಾನು ಬ್ಯಾಗಿನಲ್ಲಿ ಚಾಕು ಹುಡುಕುತ್ತಿರುವಾಗ, ಅದೇ ಹುರುಳಿಯನ್ನು ಹರಡಿದ್ದ ಅಜ್ಜಿ ಕುಡುಗೋಲು ಹಿಡಿದು ಬಂದು ನೆಲದ ಮೇಲೆ ಕುಳಿತರು. ಚೈನನ್ನು ಬೆರಳಿನಿಂದ ಹಿಂದಕ್ಕೆ ತಿರುಗಿಸುತ್ತ ಒಂದೊಂದೇ ಎಳೆಯನ್ನು ಕೊಯ್ದು ತೆಗೆದರು, ಉದುರಿದ ಕಾಳನ್ನು ಆರಿಸಿ ಮಡಿಲಿಗೆ ಹಾಕಿಕೊಂಡರು. ಗೇರಿನ ತೋಳು ಮುರಿದಿರಲಿಲ್ಲ. ತಲಕಾಡಿಗೆ ಮಧ್ಯಾಹ್ನದ ಊಟದ ಹೊತ್ತಿಗೆ ತಲುಪಿದೆವು.

ಮುಂದಿನ ಬಾರಿ ತೊಣ್ಣೂರು ಎಂದುಕೊಂಡಿದ್ದೇವೆ. ಪಾಂಡವಪುರದಿಂದ ಅಲ್ಲಿಗೆ ಹೋಗಲು ಮುಖ್ಯ ರಸ್ತೆಯನ್ನು ಬಿಟ್ಟ ಒಳದಾರಿ ಇದೆಯೇ, ಅದರಲ್ಲಿ ಈಗ ಹುರುಳಿ ಹಾಕಿದ್ದಾರೆಯೇ ಎಂಬುದನ್ನು ‘ಅಚ್ಚುಕಟ್ಟು’ ಅವರು ತಿಳಿಸಿದರೆ ಉಪಕಾರವಾಗುತ್ತದೆ.