‘ಲಿವಿಂಗ್ ವೇಜ್’ಗೆ ಏನೆನ್ನೋಣ? (ಜೊತೆಗೊಂದು ಸುಗ್ರೀವಾಜ್ಞೆ ತಕರಾರು)

ಗೆಳೆಯರೆ,

ಅಮೆರಿಕದ ಸಿಯಾಟಲ್ ನಗರದ ಕನಿಷ್ಠ ವೇತನದ ಜಟಾಪಟಿ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಕಡೆ ಕೈ ಕಟ್ಟಿದೆ.

ಮೊದಲು ಚಿಕ್ಕದು. 2014ರ ಜೂನ್ 2ರಂದು ಅಲ್ಲಿನ ನಗರಸಭೆಯ ಒಂಬತ್ತೂ ಸದಸ್ಯರು ಗಂಟೆಗೆ 15 ಡಾಲರಿಗೆ ಒಪ್ಪಿದರು. ಒಂದೇ ಏಟಿಗಲ್ಲ, ದೊಡ್ಡ ಕಂಪನಿಗಳಿಗೆ ಮೂರು-ನಾಲ್ಕು ವರ್ಷ, ಚಿಕ್ಕವಕ್ಕೆ ಐದರಿಂದ ಏಳು ವರ್ಷ ವಾಯಿದೆ. ಇದನ್ನು ಅವರು ಆರ್ಡಿನೆನ್ಸ್ ಅನ್ನುತ್ತಾರೆ. ನಮ್ಮ ನಿಘಂಟು ತೆರೆದರೆ ಸುಗ್ರೀವಾಜ್ಞೆ! ಕರಡು ಓದಿದ ನನ್ನ ಅಕ್ಕ, ‘ಅಲ್ಲೂ ರಾಜ್ಯಪಾಲರ ಅಂಕಿತ ಬೇಕೇನೋ?’ ಅಂತ ನಕ್ಕಳು. ಸದನ ಸೇರದಿರುವಾಗ ಹೊರಡಿಸುವ ಆಜ್ಞೆಗೂ ಸದನವೇ ಕೂತು ಮಾಡಿದ ಕಾನೂನಿಗೂ ಒಂದೇ ಹೆಸರು ಹೇಗೆ ಒಪ್ಪುತ್ತದೆ? ‘ಬೈಲಾ’ ಅಂದರೆ ಅಪಾರ್ಟ್‌ಮೆಂಟ್ ಸಂಘದ ವಾಸನೆ. ಸದ್ಯಕ್ಕೆ ‘ನಗರ ಕಾನೂನು’ ಎಂದು ಬರೆದಿದ್ದೇನೆ. ನಮ್ಮಲ್ಲಿ ಕನಿಷ್ಠ ವೇತನ ಗೊತ್ತುಮಾಡುವುದು ಸರ್ಕಾರ, ನಗರಸಭೆಗೆ ಆ ಅಧಿಕಾರವಿಲ್ಲ. ಹಾಗಾಗಿ ಓದುಗರಿಗೆ ಒಂದು ಸಾಲಿನ ವಿವರಣೆ ಹೇಗೂ ಬೇಕು.

ನಿಜವಾದ ತೊಡಕು ‘ಲಿವಿಂಗ್ ವೇಜ್’, ಅಂದರೆ ಮರ್ಯಾದೆಯಿಂದ ಬದುಕಲು ಸಾಲುವಷ್ಟು ಕೂಲಿ. ‘ಕನಿಷ್ಠ ವೇತನ’ದ ಪಕ್ಕದಲ್ಲೇ, ಅದಕ್ಕಿಂತ ಮೇಲಿನದು ಎಂಬ ಅರ್ಥದಲ್ಲಿ ಬರುತ್ತದೆ. ‘ಜೀವನ ವೇತನ’ ಅಂದರೆ ಪಿಂಚಣಿಯಂತೆ ಕೇಳಿಸುತ್ತದೆ. ‘ಜೀವನಾಂಶ’ವನ್ನು ವಿಚ್ಛೇದನದ ಕೋರ್ಟು ಆಗಲೇ ಹಿಡಿದುಕೊಂಡಿದೆ. ‘ಹೊಟ್ಟೆಪಾಡಿನ ಕೂಲಿ’ ಅಂದೆವೋ, ಅರ್ಥವೇ ತಲೆಕೆಳಗು. ಹೊಟ್ಟೆಪಾಡು ಎಂದರೆ ಹೇಗೋ ಉಸಿರು ಹಿಡಿದುಕೊಂಡಿರುವುದು ತಾನೆ?

ನಮ್ಮಲ್ಲಿ ಈ ಎರಡರ ನಡುವಿನ ಗೆರೆಯೂ ನೇರವಾಗಿಲ್ಲ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ವೇತನಕ್ಕೆ ಹಾಕಿಕೊಟ್ಟ ಲೆಕ್ಕದಲ್ಲಿ ವಯಸ್ಕರ ತಲೆಗೆ ದಿನಕ್ಕೆ 2,700 ಕ್ಯಾಲರಿ ಊಟ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ-ದೀಪದ ಖರ್ಚು. ಮುಂದೆ ಸುಪ್ರೀಂ ಕೋರ್ಟು ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪು ಇವಕ್ಕೆಂದೇ ಒಟ್ಟು ಕನಿಷ್ಠ ವೇತನದ ಶೇ 25 ಇರಬೇಕು ಎಂದಿತು. ಹಬ್ಬಕ್ಕೂ ಮದುವೆಗೂ ಕೊಟ್ಟ ಮೇಲೆ ಅದನ್ನು ‘ಕನಿಷ್ಠ’ ಎನ್ನುವುದು ಕಾಗದದ ಮಾತು. ಕೈಗೆ ಬರುವುದು ಎಷ್ಟು ಎಂಬುದು ಬೇರೆ ಕಥೆ, ಬಿಡಿ.

ನನಗೆ ಒಗ್ಗಿರುವುದು ‘ಸಂಸಾರ ತೂಗುವ ಸಂಬಳ’. ಸಂಬಳದ ಮೂಲ ಸಂಸ್ಕೃತದ ಶಂಬಲ, ಅಂದರೆ ದಾರಿಬುತ್ತಿ. ಊರು ಮುಟ್ಟುವವರೆಗೆ ಸಾಲುವಷ್ಟು ಕಟ್ಟಿಕೊಟ್ಟದ್ದು. ಬೇಕಾದ ಅರ್ಥ ಒಳಗೇ ಕೂತಿದೆ. (ಕೂಲಿಯನ್ನು ಕೂಳಿಗೆ ಜೋಡಿಸುವವರಿದ್ದಾರೆ. ಹಳಗನ್ನಡದಲ್ಲಿ ಕೂಳು ‘ಕೂೞ್’, ಅದರ ೞ ಬೇರೆ, ಕೂಲಿಯ ಲ ಬೇರೆ, ಹಾಗಾಗಿ ನನಗೆ ನಂಬಿಕೆಯಿಲ್ಲ.) ಆದರೆ ಒಂಟಿಯಾಗಿರುವವರಿಗೆ ಸಂಸಾರವೆಲ್ಲಿ? ಶೀರ್ಷಿಕೆಗೂ ಉದ್ದ. ಮೇಲಾಗಿ ಸಂಬಳ ಎಂದರೆ ತಿಂಗಳಿನದು, ಇಲ್ಲಿ ಲೆಕ್ಕ ಗಂಟೆಗೆ.

ಹುಬ್ಬಳ್ಳಿ-ಧಾರವಾಡದವರೇ, ನಿಮ್ಮ ‘ಪಗಾರ’ ಗಂಟೆ ಲೆಕ್ಕಕ್ಕೂ ನಡೆಯುತ್ತದೆಯೇ? ಕರಾವಳಿಯ ಬೀಡಿ ಕಟ್ಟುವವರ ಬಾಯಲ್ಲಿ ‘ಮಜೂರಿ’ ಇನ್ನೂ ಇದೆಯೇ? ನಮ್ಮ ಕಡೆ ಆ ಪದ ಚಿನ್ನದಂಗಡಿ ಬಿಲ್ಲಿನಲ್ಲಷ್ಟೇ ಉಳಿದಿದೆ.