ಸಹಾಯ ಬೇಕು: ಸ್ವೀಡನ್ ಪೋಸ್ಟ್‌ಡಾಕ್, ಸ್ಟೈಪೆಂಡ್ ಒಪ್ಪಿಕೊಳ್ಳಲೋ, ಕೆಲಸಕ್ಕೆ ಕಾಯಲೋ?

ಎಲ್ಲರಿಗೂ ನಮಸ್ಕಾರ. ಮೆಟೀರಿಯಲ್ಸ್ ಸೈನ್ಸ್‌ನಲ್ಲಿ ಪಿಎಚ್‌ಡಿ ಮುಗಿದು ಎರಡು ವರ್ಷ ಆಯ್ತು. ಬ್ಯಾಟರಿ ಎಲೆಕ್ಟ್ರೋಡ್ ನನ್ನ ವಿಷಯ. ಸ್ವೀಡನ್ನಿನಲ್ಲಿ ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ಆದಮೇಲೆ ಒಂದೆರಡು ವರ್ಷ ಮಾಡುವ ಸಂಶೋಧನೆ) ಒಟ್ಟು 14 ಅರ್ಜಿ ಹಾಕಿದ್ದೆ.

ಈಗ ಅಲ್ಲಿನ ಲುಂಡ್ ವಿಶ್ವವಿದ್ಯಾಲಯದಿಂದ ಒಂದು ಪತ್ರ ಬಂದಿದೆ. 1 ವರ್ಷದ ಸ್ಟೈಪೆಂಡ್, ತೆರಿಗೆ ಇಲ್ಲ. ಆದರೆ ಕೊನೆಯ ಪ್ಯಾರಾದಲ್ಲಿ 'ಇದು ಉದ್ಯೋಗವಲ್ಲ' ಅಂತ ದಪ್ಪ ಅಕ್ಷರದಲ್ಲಿದೆ. ಅಂದರೆ ಪೆನ್ಷನ್ ಇಲ್ಲ, ಸಂಬಳದ ರಜೆಯೂ ಇಲ್ಲ. ಅದೇ ದೇಶದ ಗೋಥೆನ್‌ಬರ್ಗ್ ನಗರದಲ್ಲಿ 2 ವರ್ಷದ ಉದ್ಯೋಗದ ಪೋಸ್ಟ್‌ಡಾಕ್‌ಗೆ ಸಂದರ್ಶನ ಆಗಿದೆ, ಉತ್ತರ ಬಂದಿಲ್ಲ. ಲುಂಡ್‌ನವರಿಗೆ ಶುಕ್ರವಾರದೊಳಗೆ ಹೇಳಬೇಕು.

ಹೆಂಡತಿಗೆ ಈಗ ಐದು ತಿಂಗಳು. ನನ್ನ ತಲೆಬಿಸಿಯೆಲ್ಲ ಅದೇ. ಅಲ್ಲಿ ಒಂದು ಮಗುವಿಗೆ 480 ದಿನದ ಪೋಷಕರ ಭತ್ಯೆ ಇದೆ, ಅದರಲ್ಲಿ 390 ದಿನ ಆದಾಯದ ಲೆಕ್ಕದಲ್ಲಿ. ಸ್ಟೈಪೆಂಡ್ ಆ ಆದಾಯಕ್ಕೆ ಸೇರುವುದಿಲ್ಲವಂತೆ. ಹೆಚ್ಚಿನ ಜಾಹೀರಾತುಗಳು ಪಿಎಚ್‌ಡಿ ಮುಗಿದು 3 ವರ್ಷ ಮೀರಿರಬಾರದು ಅಂತಲೂ ಕೇಳುತ್ತವೆ. ಹಾಗಾಗಿ ಸುಮ್ನೆ ಕಾಯುವುದಕ್ಕೂ ಭಯ.

ಲುಂಡ್ ಪ್ರೊಫೆಸರಿಗೆ ಎರಡು ವಾರ ಜಾಸ್ತಿ ಕೊಡಿ ಅಂತ ಬರೆದೆ, ಆಗಲ್ಲ ಅಂದರು. ಗೋಥೆನ್‌ಬರ್ಗ್‌ಗೆ ಎರಡು ಸಲ ಮೇಲ್ ಹಾಕಿದೆ, 'ಪ್ರಕ್ರಿಯೆ ನಡೀತಿದೆ' ಅಷ್ಟೇ ಉತ್ತರ. ಅಡುಗೆಮನೆ ಟೇಬಲ್ ಮೇಲೆ ಇಬ್ಬರೂ ಕೂತು ಕ್ಯಾಲೆಂಡರ್ ಹಿಂದೆ ಲೆಕ್ಕ ಹಾಕಿ ಹಾಕಿ ಸಾಕಾಯ್ತು.

ಸ್ವೀಡನ್ನಿನಲ್ಲಿ ಸ್ಟೈಪೆಂಡ್ ಮೇಲೆ ಕುಟುಂಬ ಸಮೇತ ಇದ್ದವರು ದಯವಿಟ್ಟು ಹೇಳಿ: ಮೊದಲ ವರ್ಷ ಸ್ಟೈಪೆಂಡ್ ತಗೊಂಡು, ಆಮೇಲೆ ಅದೇ ಸಂಶೋಧನಾ ಗುಂಪಿನಲ್ಲಿ ಉದ್ಯೋಗಕ್ಕೆ ಬದಲಾಯಿಸಿಕೊಳ್ಳೋಕೆ ನಿಮಗೆ ಆಯ್ತಾ? ಆ ಮಾತನ್ನು ಸಹಿ ಹಾಕುವ ಮೊದಲೇ ಬರವಣಿಗೆಯಲ್ಲಿ ಕೇಳಬಹುದಾ?